ಪಾಲು ಮಾಡ್ಕೊಳ್ಳೋಣ್ವಾ?

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಆಫೀಸಿನಲ್ಲಿ ಕೇರಂ ಟೂರ್ನಮೆಂಟ್ ಇಟ್ಟಿದ್ದರು. ಗೆದ್ದವರಿಗೆ ಹತ್ತು ಸಾವಿರದ ವೋಚರ್, ಎರಡನೆಯವರಿಗೆ ನಾಲ್ಕು ಸಾವಿರದ್ದು. ಅದು ಹೇಗೋ ನಾನು ಫೈನಲ್ ತನಕ ಬಂದುಬಿಟ್ಟಿದ್ದೆ. ಎದುರಾಳಿ ನನ್ನ ಟೀಮಿನವನೇ, ದಿನಾ ಜೊತೆಗೆ ಊಟ ಮಾಡುವವನು. ಫೈನಲ್ ದಿನ ಮಧ್ಯಾಹ್ನ ಟೀ ಕೌಂಟರ್ ಹತ್ತಿರ ಅವನೇ ಕೇಳಿದ, "ಏಳೇಳು ಸಾವಿರ ಪಾಲು ಮಾಡ್ಕೊಳ್ಳೋಣ್ವಾ? ಆಮೇಲೆ ಆರಾಮಾಗಿ ಆಡಬಹುದು." ನಾನು ಎರಡನೇ ಸಲ ಯೋಚಿಸಲೂ ಇಲ್ಲ, ಹೂಂ ಅಂದೆ.

ಸಂಜೆ ಆರಾಮಾಗಿಯೇ ಆಡಿದೆವು. ಸ್ವಲ್ಪ ಜಾಸ್ತಿನೇ ಆರಾಮಾಗಿ. ಸುತ್ತ ನಲವತ್ತು ಜನ ನಿಂತಿದ್ದರು. ಸುಲಭದ ಕಾಯಿ ಬಿಟ್ಟು ಇಬ್ಬರೂ ಶೋಕಿ ಶಾಟ್ ಹೊಡೆದೆವು, ತಪ್ಪಿದಾಗ ನಕ್ಕೆವು. ನಾನು ಸೋತೆ, ಬೇಜಾರೇನೂ ಆಗಲಿಲ್ಲ. ಸೆಮಿಫೈನಲ್‌ನಲ್ಲಿ ನನ್ನ ಕೈಲಿ ಎರಡೇ ಪಾಯಿಂಟಿನಿಂದ ಸೋತಿದ್ದ ಹುಡುಗಿಯೊಬ್ಬಳು ಲಿಫ್ಟ್ ಹತ್ತಿರ ಸಿಕ್ಕಿ ಕೇಳಿದಳು: "ನೀವಿಬ್ಬರೂ ಮೊದಲೇ ಮಾತಾಡ್ಕೊಂಡಿದ್ರಾ?" ಹೌದು ಅಂದೆ. ಅವಳು ಜಗಳವಾಡಲಿಲ್ಲ. "ಹಾಗಾದ್ರೆ ನಾನು ಸೋತಿದ್ದು ಯಾವ ಆಟದಲ್ಲಿ?" ಅಂತಷ್ಟೇ ಕೇಳಿ ಲಿಫ್ಟ್ ಹತ್ತಿ ಹೋದಳು.

ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಪಾಲು ಮಾಡಿಕೊಂಡದ್ದು ತಪ್ಪೇ? ದುಡ್ಡು ನಮ್ಮಿಬ್ಬರದೇ ತಾನೇ? ಹೀಗೆ ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ಪ್ರಶ್ನೆಯನ್ನು ದಿನನಿತ್ಯ ಎದುರಿಸುವ ಒಂದು ಲೋಕವೇ ಇದೆ: ಪೋಕರ್ ಟೂರ್ನಿಗಳದ್ದು. ಇದರ ಇತಿಹಾಸ ಪೋಕರ್ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ಶುರುವಾಗುತ್ತದೆ ಅನ್ನೋದೂ ಗೊತ್ತಾಯಿತು. (ಪೋಕರ್ ಆಡಿ ಅಂತ ಹೇಳೋಕೆ ಇದನ್ನು ಬರೀತಿಲ್ಲ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದೆ.)

ಲಂಡನ್ನಿನಿಂದ ಶುರು ಮಾಡೋಣ. 2019ರ ಆಗಸ್ಟ್. ಟ್ರೈಟನ್ ಮಿಲಿಯನ್ ಅನ್ನೋ ಟೂರ್ನಿ. ಪ್ರವೇಶ ಶುಲ್ಕ ಕೇಳಿ: ಒಬ್ಬೊಬ್ಬರಿಗೆ 10 ಲಕ್ಷದ 50 ಸಾವಿರ ಪೌಂಡ್. ಅದರಲ್ಲಿ 50 ಸಾವಿರ ದಾನಕ್ಕೆ, ಉಳಿದದ್ದು ಬಹುಮಾನದ ಹುಂಡಿಗೆ. 54 ಜನ ಕೂತರು. ಕೊನೆಗೆ ಉಳಿದವರು ಇಬ್ಬರು: ಅಮೆರಿಕದ ಬ್ರಿನ್ ಕೆನ್ನಿ ಮತ್ತು ಚೀನಾದ ಆರನ್ ಝಾಂಗ್. ಮೊದಲ ಬಹುಮಾನ 1 ಕೋಟಿ 90 ಲಕ್ಷ ಪೌಂಡ್, ಎರಡನೆಯದು 1 ಕೋಟಿ 16 ಲಕ್ಷದ 70 ಸಾವಿರ. ನಡುವೆ 73 ಲಕ್ಷ ಪೌಂಡಿಗೂ ಮಿಕ್ಕಿದ ಕಂದಕ.

ಕೆನ್ನಿಯ ಮುಂದೆ ಚಿಪ್ಪುಗಳ ಗುಡ್ಡೆ ದೊಡ್ಡದಿತ್ತು. ಇಬ್ಬರೂ ಆಟ ನಿಲ್ಲಿಸಿ ಮಾತಾಡಿದರು, ಒಪ್ಪಂದಕ್ಕೆ ಬಂದರು. ಕೆನ್ನಿಗೆ 1,68,90,509 ಪೌಂಡ್, ಝಾಂಗ್‌ಗೆ 1,37,79,491. ಆಮೇಲೆ ಟ್ರೋಫಿಗಾಗಿ ಮಾತ್ರ ಆಟ ಮುಂದುವರಿಯಿತು. ಅದನ್ನು ಝಾಂಗ್ ಗೆದ್ದ!

ಅಂದರೆ ಚಾಂಪಿಯನ್‌ಗೆ ಕಡಿಮೆ ದುಡ್ಡು, ಸೋತವನಿಗೆ ಹೆಚ್ಚು. ಅದೂ ಅಂತಿಂಥ ಹೆಚ್ಚಲ್ಲ, ಅಲ್ಲಿಯತನಕ ಪೋಕರ್ ಟೂರ್ನಿಯೊಂದರಲ್ಲಿ ಯಾರೊಬ್ಬರಿಗೂ ಸಿಕ್ಕಿರದಷ್ಟು ದೊಡ್ಡ ಮೊತ್ತ. ಆ ದಾಖಲೆ ಬರೆದವನು ಫೈನಲ್ ಸೋತವನು.

ಮೇಲ್ನೋಟಕ್ಕೆ ಇದು ತಮಾಷೆ ಅನ್ನಿಸುತ್ತೆ, ಕೆಲವರಿಗೆ ಮೋಸ ಅಂತಲೂ. ಆದರೆ ಆ ಎರಡು ಅಂಕಿಗಳು ಬಂದದ್ದು ಎಲ್ಲಿಂದ? ಇಬ್ಬರು ಕೂತು ಮನಸ್ಸಿಗೆ ಬಂದಂತೆ ಚೌಕಾಸಿ ಮಾಡಿದ್ದಾಗಿದ್ದರೆ ಕೊನೆಯಲ್ಲಿ 509 ಪೌಂಡ್ ಅನ್ನೋ ಚಿಲ್ಲರೆ ಯಾಕೆ? ಆ ಚಿಲ್ಲರೆ ಹಿಂದೆ ಐನೂರು ವರ್ಷಗಳ ಲೆಕ್ಕಾಚಾರ ಇದೆ.

1494. ವೆನಿಸ್. ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಗಣಿತದ ದೊಡ್ಡದೊಂದು ಗ್ರಂಥ ಅಚ್ಚು ಹಾಕಿಸಿದ. ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಮೊದಲ ಸಲ ಮುದ್ರಣದಲ್ಲಿ ವಿವರಿಸಿದ ಪುಸ್ತಕ ಅಂತ ನಮ್ಮ ಸಿಎ ಗೆಳೆಯರಿಗೆ ಇದು ಗೊತ್ತಿರುತ್ತೆ. ಅದೇ ಪುಸ್ತಕದಲ್ಲಿ ಒಂದು ಪುಟ್ಟ ಸಮಸ್ಯೆ ಇದೆ. ಎರಡು ಪಕ್ಷದವರು ಪಣ ಇಟ್ಟು ಚೆಂಡಾಟ ಆಡುತ್ತಿದ್ದಾರೆ. ಒಂದೊಂದು ಸುತ್ತಿಗೆ 10 ಅಂಕ, ಮೊದಲು 60 ಮುಟ್ಟಿದವರಿಗೆ ಪಣವೆಲ್ಲ. ಏನೋ ಅಡಚಣೆಯಿಂದ ಆಟ ಅರ್ಧಕ್ಕೇ ನಿಂತಿತು. ಆಗ ಒಂದು ಪಕ್ಷ 50ರಲ್ಲಿದೆ, ಇನ್ನೊಂದು 20ರಲ್ಲಿ. ಪಣವನ್ನು ಹೇಗೆ ಹಂಚಬೇಕು?

ಪಾಚೋಲಿಯ ಉತ್ತರ ವ್ಯಾಪಾರಿಯ ಉತ್ತರ: ಗಳಿಸಿದ ಅಂಕದ ಪ್ರಮಾಣದಲ್ಲಿ, 5ಕ್ಕೆ 2. ಬಂಡವಾಳ ಹಾಕಿದಷ್ಟು ಲಾಭ ಅನ್ನೋ ಹಾಗೆ.

ಅರವತ್ತೆರಡು ವರ್ಷ ಕಳೆದ ಮೇಲೆ, 1556ರಲ್ಲಿ, ಟಾರ್ಟಾಲಿಯಾ ಎಂಬ ಇನ್ನೊಬ್ಬ ಇಟಾಲಿಯನ್ ಗಣಿತಜ್ಞ ಇದಕ್ಕೆ ಆಕ್ಷೇಪ ಎತ್ತಿದ. ಒಂದೇ ಸುತ್ತು ಆಡಿ ಆಟ ನಿಂತುಹೋಯಿತು ಅಂದ್ಕೊಳ್ಳಿ, ಒಬ್ಬರದು 10, ಇನ್ನೊಬ್ಬರದು ಸೊನ್ನೆ. ಪಾಚೋಲಿ ಲೆಕ್ಕದಲ್ಲಿ ಪಣವೆಲ್ಲ ಮೊದಲಿನವರಿಗೇ ಹೋಗುತ್ತೆ. ಒಂದು ಸುತ್ತು ಗೆದ್ದ ಮಾತ್ರಕ್ಕೆ ಪೂರ್ತಿ ಪಣವಾ? ಇದು ಯಾವ ನ್ಯಾಯ? ಟಾರ್ಟಾಲಿಯಾ ತನ್ನದೂ ಒಂದು ಸೂತ್ರ ಕೊಟ್ಟ, ಆದರೆ ಅದರ ಮೇಲೆ ಅವನಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಇದು ಗಣಿತಕ್ಕಿಂತ ಹೆಚ್ಚಾಗಿ ನ್ಯಾಯತೀರ್ಮಾನದ ಪ್ರಶ್ನೆ, ಹೇಗೆ ಬಿಡಿಸಿದರೂ ತಕರಾರಿಗೆ ಜಾಗ ಇದ್ದೇ ಇರುತ್ತೆ ಅಂತ ಬರೆದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಗಂಟು ಬಿಚ್ಚಿದ್ದು 1654ರಲ್ಲಿ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಮತ್ತು ಪಿಯೆರ್ ಫರ್ಮಾ ಈ ಸಮಸ್ಯೆಯ ಬಗ್ಗೆ ಪರಸ್ಪರ ಪತ್ರ ಬರೆದುಕೊಂಡರು. ಜುಲೈ 29ರ ಪತ್ರದಲ್ಲಿ ಪ್ಯಾಸ್ಕಲ್ ಒಂದು ಉದಾಹರಣೆ ಕೊಡುತ್ತಾನೆ. ಇಬ್ಬರು ತಲಾ 32 ಚಿನ್ನದ ನಾಣ್ಯ ಪಣ ಇಟ್ಟಿದ್ದಾರೆ. ಮೊದಲು 3 ಸುತ್ತು ಗೆದ್ದವನಿಗೆ 64ನ್ನೂ ಕೊಡಬೇಕು. ಒಬ್ಬ 2 ಗೆದ್ದಿದ್ದಾನೆ, ಇನ್ನೊಬ್ಬ 1. ಈಗ ಆಟ ನಿಲ್ಲಿಸಿದರೆ?

ಮುಂದಿನ ಸುತ್ತು ಮೊದಲನೆಯವನು ಗೆದ್ದರೆ ಅವನಿಗೆ 64. ಸೋತರೆ ಇಬ್ಬರೂ ಸಮ, ಆಗ 32. ಅಂದರೆ ಏನೇ ಆದರೂ 32 ಅವನ ಜೇಬಿನಲ್ಲೇ ಇದೆ. ಉಳಿದ 32 ಅವನಿಗೂ ಸಿಗಬಹುದು, ಇವನಿಗೂ ಸಿಗಬಹುದು, ಅವಕಾಶ ಸಮಸಮ. ಹಾಗಾಗಿ ಅದನ್ನು ಅರ್ಧ ಮಾಡಿ. ಮೊದಲನೆಯವನಿಗೆ 48, ಎರಡನೆಯವನಿಗೆ 16. ಮುಗೀತು!

ಇಷ್ಟು ಸರಳವಾ ಅನ್ನಿಸುತ್ತೆ, ಅಲ್ವಾ? ಆದರೆ ಇಲ್ಲಿ ದೊಡ್ಡ ತಿರುವೊಂದಿದೆ. ಪಾಚೋಲಿ ನೋಡಿದ್ದು ಆಗಿಹೋದದ್ದನ್ನು, ಪ್ಯಾಸ್ಕಲ್ ನೋಡಿದ್ದು ಇನ್ನೂ ಆಗಬೇಕಾದದ್ದನ್ನು. ಎಷ್ಟು ಗೆದ್ದೆ ಅನ್ನೋದು ಮುಖ್ಯವಲ್ಲ, ಗೆಲ್ಲೋಕೆ ಇನ್ನೆಷ್ಟು ಬೇಕು ಅನ್ನೋದು ಮುಖ್ಯ. ಆಡದೇ ಉಳಿದ ಆಟಕ್ಕೂ ಒಂದು ಬೆಲೆ ಇದೆ, ಅದನ್ನು ಇವತ್ತೇ ಲೆಕ್ಕ ಹಾಕಬಹುದು. ಸಂಭವನೀಯತೆಯ ಗಣಿತ ಕಣ್ಣುಬಿಟ್ಟದ್ದು ಈ ಪತ್ರಗಳಲ್ಲಿ ಅಂತ ಹೇಳುವ ವಾಡಿಕೆ ಇದೆ. ಮೂರು ವರ್ಷದ ನಂತರ, 1657ರಲ್ಲಿ, ಹೈಗನ್ಸ್ ಈ ವಿಷಯದ ಮೇಲೆ ಪುಸ್ತಕವನ್ನೇ ತಂದ.

ಕ್ರಿಕೆಟ್ ನೋಡುವವರಿಗೆ ಈ ತಿರುವು ಚೆನ್ನಾಗಿ ಗೊತ್ತು. ಮಳೆ ಬಂದಾಗ ಮೊದಲು ಬರೀ ರನ್‌ರೇಟ್ ನೋಡುತ್ತಿದ್ದರು, ಅದು ಪಾಚೋಲಿ ಕ್ರಮ. ಆಮೇಲೆ ಬೇರೆ ಬೇರೆ ಸೂತ್ರ ಹಾಕಿ ನೋಡಿದರು. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಒಂದು ಎಸೆತಕ್ಕೆ 22 ರನ್ ಅಂತ ಸ್ಕೋರ್‌ಬೋರ್ಡ್ ತೋರಿಸಿದ ಮೇಲೆ ಲೋಕವೆಲ್ಲ ಛೀಮಾರಿ ಹಾಕಿತು. 1997ರಿಂದ ಬಳಕೆಗೆ ಬಂದ ಡಕ್‌ವರ್ತ್-ಲೂಯಿಸ್ ಪದ್ಧತಿ ಕೇಳುವುದು ಪ್ಯಾಸ್ಕಲ್ ಕೇಳಿದ್ದನ್ನೇ: ಇನ್ನೆಷ್ಟು ಓವರ್, ಎಷ್ಟು ವಿಕೆಟ್ ಕೈಲಿದೆ?

ಈಗ ಪೋಕರ್ ಮೇಜಿಗೆ ವಾಪಸ್ ಬರೋಣ. ಟೂರ್ನಿ ಪೋಕರ್‌ನಲ್ಲಿ ಚಿಪ್ಪು ಅಂದರೆ ದುಡ್ಡಲ್ಲ. ಅದನ್ನು ಕೌಂಟರಿಗೆ ಒಯ್ದು ನಗದು ಮಾಡಿಸಿಕೊಳ್ಳೋಕೆ ಬರುವುದಿಲ್ಲ. ಚಿಪ್ಪೆಲ್ಲ ಕಳಕೊಂಡವನು ಹೊರಗೆ. ಎಷ್ಟನೆಯವನಾಗಿ ಹೊರಗೆ ಹೋದ ಅನ್ನೋದರ ಮೇಲೆ ಬಹುಮಾನ. ಹೊತ್ತು ಹೋದ ಹಾಗೆ ಕಡ್ಡಾಯ ಪಣ ಏರುತ್ತಾ ಹೋಗುತ್ತೆ. ಕೊನೆಕೊನೆಗೆ ಎಷ್ಟೋ ಸಲ ಜಾಣತನಕ್ಕೆ ಜಾಗವೇ ಇರುವುದಿಲ್ಲ, ಇದ್ದದ್ದನ್ನೆಲ್ಲ ಒಂದೇ ಕೈಗೆ ಒಡ್ಡಿ ಎಲೆ ತಿರುಗುವುದನ್ನು ನೋಡುತ್ತಾ ಕೂರೋದು ಅಷ್ಟೇ. ಬಹುಮಾನದ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದು ಇರುವುದು ಸರಿಯಾಗಿ ಅಲ್ಲೇ. ಹೆಚ್ಚು ದುಡ್ಡು ಎಲ್ಲಿದೆಯೋ ಅಲ್ಲೇ ಹೆಚ್ಚು ಅದೃಷ್ಟದಾಟ. ಅದಕ್ಕೇ ಫೈನಲ್ ಮೇಜಿನಲ್ಲಿ ಆ ಪಿಸುಮಾತು ಏಳುತ್ತೆ: ಪಾಲು ಮಾಡ್ಕೊಳ್ಳೋಣ್ವಾ?

ಹೇಗೆ ಪಾಲು ಮಾಡೋದು? ಒಂದು ಉದಾಹರಣೆ ತಗೊಳ್ಳಿ. ಮೂವರು ಉಳಿದಿದ್ದಾರೆ, ಬಹುಮಾನ 50, 30, 20 ಲಕ್ಷ. ಚಿಪ್ಪುಗಳೂ ಹಾಗೇ ಇವೆ: ಒಬ್ಬನ ಹತ್ತಿರ ಶೇಕಡಾ 50, ಇನ್ನೊಬ್ಬನ ಹತ್ತಿರ 30, ಮತ್ತೊಬ್ಬನ ಹತ್ತಿರ 20. ಚಿಪ್ಪಿನ ಪ್ರಮಾಣದಲ್ಲೇ ಹಂಚಿದರೆ 50, 30, 20 ಲಕ್ಷ. ನ್ಯಾಯ ಅನ್ನಿಸುತ್ತಾ? ಇನ್ನೊಮ್ಮೆ ನೋಡಿ. ದೊಡ್ಡ ಗುಡ್ಡೆಯವನಿಗೆ ಗೆದ್ದೇಬಿಟ್ಟ ಅನ್ನೋ ಹಾಗೆ ಪೂರ್ತಿ ಮೊದಲ ಬಹುಮಾನ ಸಿಕ್ಕಿತು. ಚಿಕ್ಕ ಗುಡ್ಡೆಯವನಿಗೆ ಸೋತೇಹೋದ ಅನ್ನೋ ಹಾಗೆ ಮೂರನೆಯದು. ಒಂದು ಎಲೆಯೂ ಬೀಳದೆ ಆಟ ಮುಗಿದೇಹೋಯಿತು! ಟಾರ್ಟಾಲಿಯಾ ಎತ್ತಿದ್ದ ಆಕ್ಷೇಪ ಇದೇ.

ಪೋಕರ್‌ನವರು ಇದಕ್ಕೆ ಬಳಸುವ ಲೆಕ್ಕದ ಹೆಸರು ಐಸಿಎಂ. ಲೇಖಕ ಮೇಸನ್ ಮಾಲ್ಮತ್ 1980ರ ದಶಕದಲ್ಲಿ ಇದನ್ನು ಪೋಕರ್‌ಗೆ ತಂದ. ಇದೇ ಸೂತ್ರವನ್ನು 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ರೇಸಿಗಾಗಿ ಪ್ರಕಟಿಸಿದ್ದ. ತಿರುಳು ಇಷ್ಟು: ನಿನ್ನ ಹತ್ತಿರ ಎಷ್ಟು ಪಾಲು ಚಿಪ್ಪಿದೆಯೋ ಮೊದಲು ಬರುವ ಸಾಧ್ಯತೆ ಅಷ್ಟು. ಮೊದಲು ಬಂದವನನ್ನು ಬದಿಗಿಟ್ಟು, ಉಳಿದವರಲ್ಲಿ ಎರಡನೆಯ ಸ್ಥಾನಕ್ಕೂ ಇದೇ ಲೆಕ್ಕ. ಹೀಗೆ ಒಬ್ಬೊಬ್ಬನಿಗೂ ಯಾವ ಬಹುಮಾನ ಸಿಗುವ ಸಾಧ್ಯತೆ ಎಷ್ಟು ಅಂತ ತೂಗಿ ಕೂಡಿಸಬೇಕು. ನಮ್ಮ ಮೂವರಿಗೆ ಹಾಗೆ ಮಾಡಿದರೆ ಸುಮಾರು 38.4, 32.75, 28.85 ಲಕ್ಷ ಬರುತ್ತೆ. ಚಿಕ್ಕ ಗುಡ್ಡೆಯವನ ಕೈಲೂ ಬೆಲೆಯುಳ್ಳ ಒಂದು ನಾಳೆ ಇದೆ ಅಂತ ಈ ಲೆಕ್ಕ ಒಪ್ಪಿಕೊಳ್ಳುತ್ತೆ.

ಲಂಡನ್ನಿನ ಆ 509 ಪೌಂಡ್ ಚಿಲ್ಲರೆ ಬಂದದ್ದೂ ಈ ಲೆಕ್ಕದಿಂದಲೇ. ಹಿಂದಕ್ಕೆ ಗುಣಿಸಿ ನೋಡಿದರೆ, ಕೆನ್ನಿ ಗೆಲ್ಲುವ ಸಾಧ್ಯತೆ ಸುಮಾರು ಶೇಕಡಾ 71 ಅಂತ ಇಬ್ಬರೂ ಒಪ್ಪಿಕೊಂಡ ಹಾಗಾಯಿತು. ಅದೇ 71:29ರಲ್ಲಿ ಒಟ್ಟು ಮೊತ್ತವನ್ನು ಪಾಚೋಲಿ ಥರ ಹಂಚಿದ್ದರೆ ಕೆನ್ನಿಗೆ 2 ಕೋಟಿ 18 ಲಕ್ಷದ ಹತ್ತಿರ ಬರುತ್ತಿತ್ತು. ಅದು ಮೊದಲ ಬಹುಮಾನಕ್ಕಿಂತಲೇ ಜಾಸ್ತಿ! ಆ ಒಪ್ಪಂದಕ್ಕೆ ಯಾವ ಎದುರಾಳಿ ತಾನೇ ಹೂಂ ಅಂತಾನೆ?

ಹಾಗಾದರೆ ಲೆಕ್ಕ ಸಿಕ್ಕಿತು, ಸಮಸ್ಯೆ ಮುಗೀತು ಅನ್ನೋ ಹಾಗಿಲ್ಲ. ಈ ಲೆಕ್ಕಕ್ಕೆ ಆಟಗಾರರ ಕೌಶಲ ಕಾಣಿಸುವುದಿಲ್ಲ, ಎಲ್ಲರೂ ಸಮಾನ ಜಾಣರು ಅಂತಲೇ ಅದರ ನಂಬಿಕೆ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್ ನೋಡಿ. ಒಂದು ಕಡೆ ಕ್ರಿಸ್ ಮನಿಮೇಕರ್, ಟೆನೆಸಿಯ ಒಬ್ಬ ಅಕೌಂಟೆಂಟ್. (ಹೌದು, ಅವನ ನಿಜವಾದ ಹೆಸರೇ ಅದು.) ಇಂಟರ್‌ನೆಟ್‌ನಲ್ಲಿ ನೂರು ಡಾಲರಿಗೂ ಕಡಿಮೆ ಶುಲ್ಕದ ಆಟ ಗೆದ್ದು, 10 ಸಾವಿರ ಡಾಲರ್ ಪ್ರವೇಶದ ಈ ಟೂರ್ನಿಗೆ ಬಂದವನು. ಇನ್ನೊಂದು ಕಡೆ ಪಳಗಿದ ವೃತ್ತಿಪರ ಸ್ಯಾಮಿ ಫರ್ಹಾ. ಮೊದಲ ಬಹುಮಾನ 25 ಲಕ್ಷ ಡಾಲರ್, ಎರಡನೆಯದು 13 ಲಕ್ಷ. ಕೊನೆಯ ಹಣಾಹಣಿಗೆ ಮುಂಚೆ ಸಮಪಾಲಿನ ಮಾತೆತ್ತಿದವನು ಮನಿಮೇಕರ್. ತಲಾ 19 ಲಕ್ಷ. ಫರ್ಹಾ ಒಪ್ಪಲಿಲ್ಲ, ಆಡಿದ, ಸೋತ. ಆರು ಲಕ್ಷ ಡಾಲರ್ ಹೋಯಿತು.

ಫರ್ಹಾ ಮಾಡಿದ್ದು ದಡ್ಡತನವಾ? ಫಲಿತಾಂಶ ನೋಡಿ ತೀರ್ಮಾನ ಹೇಳುವುದು ಸುಲಭ. ಆದರೆ ಹವ್ಯಾಸಿಗಿಂತ ನಾನು ಚೆನ್ನಾಗಿ ಆಡ್ತೀನಿ ಅಂತ ನಂಬಿದ ವೃತ್ತಿಪರನಿಗೆ, ಇನ್ನೂ ಆಡದ ಆಟದ ಬೆಲೆ ಎದುರಾಳಿಗೆ ಕಂಡದ್ದಕ್ಕಿಂತ ಹೆಚ್ಚೇ. ಬೇಡ ಅನ್ನೋದು ಅವನ ಹಕ್ಕಾಗಿತ್ತು.

ಮನಿಮೇಕರ್ ಕೇಳಿದ್ದರಲ್ಲೂ ತಪ್ಪಿಲ್ಲ. ಇದಕ್ಕೆ ಕಾರಣವನ್ನು 1738ರಲ್ಲೇ ಡೇನಿಯಲ್ ಬರ್ನೂಲಿ ಹೇಳಿಟ್ಟಿದ್ದಾನೆ. ಬಡವನೊಬ್ಬನಿಗೆ ಒಂದು ಲಾಟರಿ ಚೀಟಿ ಸಿಗುತ್ತೆ. ಬಂದರೆ 20 ಸಾವಿರ ನಾಣ್ಯ, ಇಲ್ಲದಿದ್ದರೆ ಸೊನ್ನೆ, ಎರಡಕ್ಕೂ ಸಮ ಅವಕಾಶ. ಲೆಕ್ಕದ ಪ್ರಕಾರ ಚೀಟಿಯ ಬೆಲೆ 10 ಸಾವಿರ. ಅವನು ಅದನ್ನು 9 ಸಾವಿರಕ್ಕೆ ಮಾರಿದರೆ ದಡ್ಡನಾ? ಅಲ್ಲ ಅಂತಾನೆ ಬರ್ನೂಲಿ. ಅದೇ 9 ಸಾವಿರಕ್ಕೆ ಸಿಕ್ಕರೂ ಕೊಳ್ಳದ ಶ್ರೀಮಂತ ದಡ್ಡ. ದುಡ್ಡಿನ ಮೊತ್ತ ಒಂದೇ ಇರಬಹುದು, ಆದರೆ ಅದರ ಬೆಲೆ ಯಾರ ಜೇಬಿಗೆ ಬೀಳುತ್ತೆ ಅನ್ನೋದರ ಮೇಲೆ ಬದಲಾಗುತ್ತೆ. ನಾವು ಹೆಲ್ತ್ ಇನ್ಶೂರೆನ್ಸ್ ಕಟ್ಟುವುದು, ಸ್ಟಾರ್ಟಪ್‌ನ ಷೇರಿಗಿಂತ ಕೈಗೆ ಬರುವ ಸಂಬಳ ಜಾಸ್ತಿ ಕೊಡಿ ಅಂತ ಎಚ್‌ಆರ್ ಹತ್ತಿರ ಕೇಳುವುದು ಎಲ್ಲಾ ಇದೇ ಲೆಕ್ಕ. ಗೃಹಸಾಲ ಇರುವವನು ಖಚಿತವಾದದ್ದನ್ನು ಆರಿಸಿಕೊಂಡರೆ ಅದನ್ನು ಹೇಡಿತನ ಅನ್ನೋಕಾಗಲ್ಲ.

ಇಷ್ಟೆಲ್ಲ ಆದ ಮೇಲೂ ಲಿಫ್ಟ್ ಹತ್ತಿರದ ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆಮೇಲೆ ಒಂದು ವಿಷಯ ಹೊಳೀತು. ಪಾಚೋಲಿಯ ಚೆಂಡಾಟ ನಿಂತದ್ದು ಆಡುವವರ ಇಚ್ಛೆಯಿಂದಲ್ಲ, ಹೊರಗಿನ ಅಡಚಣೆಯಿಂದ. ಕ್ರಿಕೆಟ್ ನಿಲ್ಲಿಸುವುದು ಮಳೆ. ಅಲ್ಲಿ ಹೇಗೆ ಹಂಚೋದು ಅನ್ನೋದಷ್ಟೇ ಪ್ರಶ್ನೆ. ಪೋಕರ್ ಫೈನಲ್‌ನಲ್ಲಿ ಮಳೆಯೂ ಇಲ್ಲ, ಗುಡುಗೂ ಇಲ್ಲ. ಆಟಗಾರರು ತಾವಾಗಿಯೇ ಆಟ ನಿಲ್ಲಿಸುತ್ತಾರೆ. ಹಾಗಾಗಿ ಇಲ್ಲಿ ಇನ್ನೂ ಒಂದು ಪ್ರಶ್ನೆ ಹುಟ್ಟುತ್ತೆ: ನಿಲ್ಲಿಸೋಕೆ ಇವರಿಗೆ ಹಕ್ಕಿದೆಯಾ? ಈ ಆಟ ಪೂರ್ತಿ ನಡೆಯುತ್ತೆ ಅಂತ ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದರಾ? ಟಾರ್ಟಾಲಿಯಾ ಹೇಳಿದ್ದ ನ್ಯಾಯತೀರ್ಮಾನ ಬರುವುದು ಇಲ್ಲಿ. ಎಷ್ಟು ಅನ್ನೋದನ್ನು ಪ್ಯಾಸ್ಕಲ್ ಬಗೆಹರಿಸಿದ, ಆದರೆ ಮಾಡಬಹುದಾ ಅನ್ನೋದು ಗಣಿತದ ಕೈಲಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 1972ರ ಲಾಸ್ ವೇಗಸ್. ಬೆನ್ನಿ ಬಿನಿಯನ್‌ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಶುರುವಾಗಿ ಎರಡೇ ವರ್ಷ ಆಗಿತ್ತು. 10 ಸಾವಿರ ಡಾಲರ್ ಶುಲ್ಕ ಇಟ್ಟು ಎಂಟು ಜನ ಕೂತರು. ಗೆದ್ದವನಿಗೇ ಎಲ್ಲ, 80 ಸಾವಿರ ಡಾಲರ್. ಕೊನೆಗೆ ಉಳಿದವರು ಮೂವರು: ಡಾಯ್ಲ್ ಬ್ರನ್ಸನ್, ಪಗಿ ಪಿಯರ್ಸನ್, ಅಮರಿಲ್ಲೊ ಸ್ಲಿಮ್ ಪ್ರೆಸ್ಟನ್. ಬ್ರನ್ಸನ್‌ಗೆ ದುಡ್ಡು ಬೇಕಿತ್ತು, ಹೆಸರು ಬೇಕಿರಲಿಲ್ಲ. ಆ ಕಾಲದ ಟೆಕ್ಸಾಸಿನಲ್ಲಿ ಜೂಜುಗಾರ ಅನ್ನಿಸಿಕೊಂಡರೆ ಮನೆಮಂದಿಯ ಮಾನದ ಪ್ರಶ್ನೆ. ಪಿಯರ್ಸನ್‌ಗೂ ಪ್ರಚಾರದ ಹಂಬಲ ಇರಲಿಲ್ಲ. ಸ್ಲಿಮ್‌ಗೆ ಮಾತ್ರ ಕ್ಯಾಮೆರಾ ಅಂದರೆ ಪ್ರೀತಿ. ಮೂವರೂ ಒಳಗೊಳಗೇ ಮಾತಾಡಿಕೊಂಡರು. ಹೊಟ್ಟೆ ಸರಿಯಿಲ್ಲ ಅನ್ನೋ ನೆಪ ಹೇಳಿ ಬ್ರನ್ಸನ್ ತನ್ನ ಪಾಲು ತಗೊಂಡು ಎದ್ದ. ಸ್ಲಿಮ್ ಚಾಂಪಿಯನ್ ಆಗಿ ಟಿವಿ ಶೋಗಳಲ್ಲಿ ಮಿಂಚಿದ. ಸತ್ಯ ಸಂಗತಿಯನ್ನು ಬ್ರನ್ಸನ್ ಎಷ್ಟೋ ವರ್ಷಗಳ ನಂತರ ತಾನೇ ಹೇಳಿಕೊಂಡ.

ಇದರಿಂದ ಆ ಮೂವರಲ್ಲಿ ಯಾರಿಗೂ ನಷ್ಟವಾಗಲಿಲ್ಲ, ಮೂವರಿಗೂ ಬೇಕಾದದ್ದೇ ಸಿಕ್ಕಿತು. ಆದರೆ ಗೆದ್ದವನಿಗೇ ಎಲ್ಲ ಅನ್ನೋದನ್ನು ನಂಬಿ ನೋಡಿದವರಿಗೆ ಸಿಕ್ಕಿದ್ದು ನಾಟಕ. ಲಂಡನ್ನಿಗೂ ಲಾಸ್ ವೇಗಸ್ಸಿಗೂ ಇರುವ ವ್ಯತ್ಯಾಸ ಇದೇ. ಕೆನ್ನಿ-ಝಾಂಗ್ ಒಪ್ಪಂದ ಎಲ್ಲರ ಕಣ್ಣೆದುರು ನಡೆಯಿತು, ಅಂಕಿಗಳು ಪೌಂಡಿನ ಲೆಕ್ಕದಲ್ಲಿ ಪ್ರಕಟವಾದವು. ಮುಂದೆ ಆಡುತ್ತಿರುವುದು ಟ್ರೋಫಿಗಷ್ಟೇ ಅಂತ ನೋಡುವವರಿಗೆ ಗೊತ್ತಿತ್ತು. ಬಿನಿಯನ್‌ನ ಟೂರ್ನಿಯಲ್ಲೂ 1978ರಿಂದ ಮೊದಲ ಐವರಿಗೆ ಬಹುಮಾನ ಹಂಚುವ ಪದ್ಧತಿ ಬಂತು. ಹಂಚಿಕೆ ನಿಯಮದಲ್ಲೇ ಬಂದಾಗ ಹೊಟ್ಟೆನೋವಿನ ನೆಪ ಹೇಳುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತೆ.

ಪೋಕರ್ ಆಚೆಗೂ ಇದೇ ಗೆರೆ ಕಾಣುತ್ತೆ. ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್ ನೆನಪಿದೆಯಾ? 2021ರ ಆಗಸ್ಟ್ 1. ಕತಾರಿನ ಬರ್ಶಿಮ್, ಇಟಲಿಯ ತಂಬೇರಿ, ಇಬ್ಬರೂ 2.37 ಮೀಟರ್ ಹಾರಿ ಎಲ್ಲದರಲ್ಲೂ ಸಮ ನಿಂತರು. ನಿಯಮ ಪುಸ್ತಕದಲ್ಲೇ ಅವಕಾಶ ಇತ್ತು, ಚಿನ್ನ ಹಂಚಿಕೊಂಡರು. ತಂಬೇರಿ ನೆಲದ ಮೇಲೆ ಉರುಳಾಡಿ ಅತ್ತ, ನಾವೂ ಕಣ್ಣೊರೆಸಿಕೊಂಡೆವು. ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಅದೇ ಪರಿಸ್ಥಿತಿ. ನ್ಯೂಜಿಲೆಂಡಿನ ಕೆರ್, ಅಮೆರಿಕದ ಮೆಕ್ಯೂಯೆನ್ ಹಂಚಿಕೊಳ್ಳದೆ ಮತ್ತೆ ಹಾರಿದರು. ಕೆರ್‌ಗೆ ಚಿನ್ನ. ಆ ವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಚಿನ್ನ ಗೆದ್ದವರಿಗೆ ಮಾತ್ರ 50 ಸಾವಿರ ಡಾಲರ್ ಕೊಟ್ಟಿತು, ಬೆಳ್ಳಿಗೆ ಏನೂ ಇರಲಿಲ್ಲ. ಎರಡು ಜೋಡಿ, ಎರಡು ತೀರ್ಮಾನ, ಎರಡರಲ್ಲೂ ಯಾರಿಗೂ ಮೋಸವಾಗಲಿಲ್ಲ. ನಿಯಮ ಮೊದಲೇ ಇತ್ತು, ಎಲ್ಲರಿಗೂ ಒಂದೇ ಇತ್ತು.

2024ರ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚೆಸ್ ಫೈನಲ್ ಹಾಗಲ್ಲ. ಯಾರಾದರೂ ಒಬ್ಬರು ಗೆಲ್ಲುವ ತನಕ ಆಡಬೇಕು ಅನ್ನೋದು ನಿಯಮ. ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ ಸಾಕು, ಹಂಚಿಕೊಳ್ಳುತ್ತೀವಿ ಅಂದರು, ಫಿಡೆ ಒಪ್ಪಿತು. ಚೆಸ್ ಲೋಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ಹಂಚಿಕೊಂಡದ್ದೇ ತಪ್ಪು ಅಂತ ನನಗನ್ನಿಸಲ್ಲ. ಆದರೆ ಮೊದಲೇ ಸೋತು ಹೊರಗೆ ಹೋದವರು ಆಡಿದ್ದು ಒಂದು ನಿಯಮದಲ್ಲಿ, ಕೊನೆಯ ಇಬ್ಬರಿಗೆ ಮಾತ್ರ ಇನ್ನೊಂದು ಬಂತು. ಸಂಕಟ ಅಲ್ಲಿದೆ.

ಪೋಕರ್‌ನಲ್ಲಿ ಈ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಯುರೋಪಿನ ದೊಡ್ಡ ಟೂರ್ನಿಗಳು ಒಪ್ಪಂದಕ್ಕೆ ಅವಕಾಶ ಕೊಟ್ಟು, ಲೆಕ್ಕ ಹಾಕಲು ಸಿಬ್ಬಂದಿಯ ನೆರವನ್ನೂ ಕೊಡುತ್ತವೆ. ಸಾಮಾನ್ಯವಾಗಿ ಒಂದಿಷ್ಟು ದುಡ್ಡನ್ನು ಗೆಲ್ಲುವವನಿಗೆ ಅಂತ ಮೇಜಿನ ಮೇಲೆ ಬಿಡಬೇಕಾಗುತ್ತೆ. ವರ್ಲ್ಡ್ ಸೀರೀಸ್‌ನ ಆಯೋಜಕರು ಮಾತ್ರ ಸಾಂಪ್ರದಾಯಿಕವಾಗಿ ಇದಕ್ಕೆ ಕೈ ಹಾಕುವುದಿಲ್ಲ. ಅದರರ್ಥ ಅಲ್ಲಿ ಒಪ್ಪಂದ ಆಗುವುದಿಲ್ಲ ಅಂತ ಅಲ್ಲ. ಕಾರಿಡಾರಿನಲ್ಲಿ, ಬರೀ ಬಾಯಿಮಾತಿನ ಮೇಲೆ ಆಗುತ್ತೆ ಅಂತ. ಯಾವುದು ಒಳ್ಳೆಯದು ನೀವೇ ಹೇಳಿ.

ನನಗನ್ನಿಸುವುದು ಇಷ್ಟು. ಫೈನಲ್ ಆಟಗಾರರು ದುಡ್ಡು ಪಾಲು ಮಾಡಿಕೊಳ್ಳಬಹುದು, ಎಷ್ಟೋ ಸಲ ಅದೇ ವಿವೇಕ. ಆದರೆ ಮೂರು ಷರತ್ತು. ಒಂದು, ಪಾಲಿಗೆ ಅವಕಾಶ ಇದೆ ಅನ್ನೋದು ಮೊದಲ ದಿನ ಕೂತ ಎಲ್ಲರಿಗೂ ಗೊತ್ತಿರಬೇಕು. ಎರಡು, ಬೇಡ ಅಂದವನನ್ನು ಕಾರಣ ಕೇಳಬಾರದು. ರಾತ್ರಿ ಮೂರು ಗಂಟೆಗೆ ಐದು ಜನ ಹೂಂ ಅಂದು, ಆರನೆಯವನ ಮುಖವನ್ನೇ ದುರುಗುಟ್ಟಿ ನೋಡುತ್ತಾ ಕೂತರೆ ಅದು ಒಪ್ಪಿಗೆಯಲ್ಲ, ಒತ್ತಡ. ಮೂರು, ಒಪ್ಪಂದ ಆಯಿತು ಅಂತ ಗಟ್ಟಿಯಾಗಿ ಹೇಳಬೇಕು, ಮುಂದೆ ಆಡುವುದು ಯಾತಕ್ಕೆ ಅನ್ನೋದನ್ನೂ ಸೇರಿಸಿ. ಇವು ಇಲ್ಲದಿದ್ದರೆ ಇವತ್ತು ಪಾಲಿನ ಪಿಸುಮಾತು, ನಾಳೆ ಬೇಕೆಂದೇ ಸೋಲುವ ಪಿಸುಮಾತು. ಎರಡನ್ನೂ ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮ ಕೇರಂ ಫೈನಲ್ ಈ ಮೂರರಲ್ಲಿ ಒಂದನ್ನೇ ದಾಟುತ್ತೆ. ಒತ್ತಡ ಇರಲಿಲ್ಲ, ಅಷ್ಟೇ. ಏಳೇಳು ಸಾವಿರ ಹಂಚಿಕೊಂಡದ್ದು ತಪ್ಪು ಅಂತ ಈಗಲೂ ಅನ್ನಿಸಲ್ಲ. ಬೋರ್ಡಿನ ಮುಂದೆ ಕೂರುವ ಮೊದಲು, "ದುಡ್ಡು ಹಂಚಿಕೊಂಡಿದ್ದೀವಿ, ಕಪ್ಪಿಗೆ ಆಡ್ತಿದ್ದೀವಿ" ಅಂತ ಒಂದು ಮಾತು ಹೇಳಬೇಕಿತ್ತು. ಹೇಳಿದ ಮೇಲೆ ಕಪ್ಪಿಗಾದರೂ ಸರಿಯಾಗಿ ಆಡಬೇಕಿತ್ತು.

ಆ ಹುಡುಗಿ ಕಂಪನಿ ಬದಲಾಯಿಸಿ ಎಷ್ಟೋ ಕಾಲವಾಯಿತು. ಸಿಕ್ಕರೆ ಹೇಳಬೇಕು: ನೀನು ಸೋತದ್ದು ನಿಜವಾದ ಆಟದಲ್ಲೇ, ಅವತ್ತು ನಾನು ಉಸಿರು ಬಿಗಿಹಿಡಿದು ಆಡಿದ್ದೆ. ಫೈನಲ್ ಮಾತ್ರ ಆಟವಾಗಿರಲಿಲ್ಲ.